ಸುಗುಣಮ್ಮನವರ ಸೈಕಲ್ಲಿನ ಗಾಳಿ

ಸುಗುಣಮ್ಮನವರು ಸೈಕಲ್ ಹತ್ತುವ ಮೊದಲು ಬಗ್ಗಿ, ಎರಡೂ ಚಕ್ರಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬಸುರಿಯ ಹೊಟ್ಟೆ ಮುಟ್ಟಿ ನೋಡುವಾಗ ಅವರ ಮುಖ ಹೇಗಿರುತ್ತಿತ್ತೋ ಆಗಲೂ ಹಾಗೇ ಇರುತ್ತಿತ್ತು: ತಲೆ ಒಂದು ಕಡೆಗೆ ವಾಲಿ, ಕಣ್ಣು ಅರ್ಧ ಮುಚ್ಚಿ. ಚಕ್ರ ಬಿಗಿಯಾಗಿದ್ದರೆ ವಾಲ್ವ್ ಸಡಿಲಿಸಿ ಸುಯ್ಯೆಂದು ಗಾಳಿ ಬಿಟ್ಟುಬಿಡುತ್ತಿದ್ದರು. ಕೆಂಗೇರಿಯಲ್ಲಿ ಎಲ್ಲರೂ ಸೈಕಲ್ಲಿಗೆ ಗಾಳಿ ತುಂಬಿಸಿಕೊಳ್ಳುತ್ತಿದ್ದರು. ತುಂಬಿದ ಗಾಳಿಯನ್ನು ತೆಗೆಯುವವರು ಇವರೊಬ್ಬರೇ. "ನರ್ಸಮ್ಮನ ಸೈಕಲ್ ಯಾವಾಗ್ಲೂ ಪಂಚರ್ರು" ಎಂದು ಅಂಗಡಿ ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಇದು ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಇನ್ನೂ ಸೈಟು ಅಳೆಯುತ್ತಿದ್ದರು, ಕೆಂಗೇರಿಗೆ ಉಪನಗರ ಎಂಬ ಬಾಲ ಅಂಟಿರಲಿಲ್ಲ. ಸುಗುಣಮ್ಮನವರು ಸರ್ಕಾರದ ಹೆರಿಗೆ ನರ್ಸು. ಕೋಟೆ ಬೀದಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ನಲವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಬಿಳಿ ಸೀರೆಯನ್ನು ಕಚ್ಚೆ ಕಟ್ಟಿ, ಚಪ್ಪಲಿಯನ್ನು ಹ್ಯಾಂಡಲ್ಲಿಗೆ ನೇತುಹಾಕಿ, ಹಿಂದಿನ ಕ್ಯಾರಿಯರಿಗೆ ಹೆರಿಗೆಯ ಚೀಲವನ್ನು ಹಗ್ಗದಿಂದ ಬಿಗಿದು ಬರಿಗಾಲಲ್ಲಿ ಸೈಕಲ್ ತುಳಿಯುತ್ತಿದ್ದರು. ನಾನು ಕೆರೆಯಾಚೆಯ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಆ ಹಳ್ಳಿಯಲ್ಲಿ ಸೈಕಲ್ ಇದ್ದವನು ನಾನೊಬ್ಬನೇ. ದಿನಾ ಎಣ್ಣೆ ಬಿಟ್ಟು, ಬಟ್ಟೆಯಿಂದ ಒರೆಸಿ, ಕೈಪಂಪಿನಿಂದ ಗಾಳಿ ಹೊಡೆದು ಚಕ್ರವನ್ನು ಕಲ್ಲಿನಂತೆ ಇಟ್ಟುಕೊಂಡಿದ್ದ ಒಣ ಜಂಬದ ಮನುಷ್ಯ.

ಕೆಂಗೇರಿಯಿಂದ ನಮ್ಮ ಹಳ್ಳಿಗೆ ಎರಡು ದಾರಿಗಳಿದ್ದವು. ಕೆರೆಯ ಏರಿ ಸುತ್ತಿಕೊಂಡು ಗಾಡಿ ದಾರಿಯಲ್ಲಿ ಬಂದರೆ ನಾಲ್ಕು ಮೈಲಿ. ಕೆರೆಯಂಗಳಕ್ಕೆ ಇಳಿದು ಜೊಂಡಿನ ನಡುವಿನ ಕಾಲುದಾರಿ ಹಿಡಿದರೆ ಒಂದೂವರೆ. ಆ ಕಾಲುದಾರಿಯಲ್ಲಿ ಒಂದಷ್ಟು ದೂರ ಗರಸು ಕಲ್ಲು, ಒಂದಷ್ಟು ದೂರ ಮೆತ್ತನೆಯ ಗೋಡು ಮಣ್ಣು. ಎರಡೂ ಕಡೆ ಆಳೆತ್ತರ ಜೊಂಡು. ಎಮ್ಮೆ ಮೇಯಿಸುವವರು ಬಿಟ್ಟರೆ ಅಲ್ಲಿ ಓಡಾಡುತ್ತಿದ್ದವರು ಸುಗುಣಮ್ಮನವರು ಮಾತ್ರ.

ಒಂದು ಸಲ ನಾನೂ ಅವರ ಹಿಂದೆ ಹೋದೆ. ನೀರುಕೋಳಿಗಳ ಕೂಗು, ಜೊಂಡಿಗೆ ಗಾಳಿ ತಾಗುವ ಸದ್ದು, ಇನ್ನೇನೂ ಇಲ್ಲ. ಶಾಲೆಯ ಗಲಾಟೆಯಲ್ಲಿ ಬೆಂದವನಿಗೆ ಸ್ವರ್ಗದಂತಿತ್ತು. ಸುಮ್ಮನಿರಲಾರದೆ ಅದನ್ನೇ ಹೇಳತೊಡಗಿದೆ.

"ಬಾಯ್ಮುಚ್ಚಿ ಮೇಷ್ಟ್ರೇ, ದಾರಿ ಕೇಳಿಸ್ತಾ ಇಲ್ಲ" ಎಂದರು. "ಚಕ್ರದ ಕೆಳಗೆ ಕರಕರ ಅಂತಿದ್ರೆ ಗರಸು, ತುಳೀರಿ. ಸದ್ದು ನಿಂತ್ರೆ ಗೋಡು ಬಂತು ಅಂತ. ಅಲ್ಲಿ ತಡೀಬಾರ್ದು, ತಿರುಗಿಸ್ಬಾರ್ದು, ಹಗೂರಾಗಿ ಹೋಗ್ತಾ ಇರ್ಬೇಕು."

ಸದ್ದು ನಿಂತಿತು. ಅವರ ಸೈಕಲ್ ತೇಲಿದಂತೆ ದಾಟಿತು. ನನ್ನದು ಹತ್ತು ಮಾರು ಹೋಗುವಷ್ಟರಲ್ಲಿ ಮುಂದಿನ ಚಕ್ರ ಹೂತು, ನಾನು ಹ್ಯಾಂಡಲ್ಲಿನ ಮೇಲಿಂದ ಹಾರಿ ಕೆಸರಲ್ಲಿ ಕೂತೆ. ಅವರು ನಗಲಿಲ್ಲ. ನನ್ನ ಚಕ್ರವನ್ನು ಒತ್ತಿ ನೋಡಿ ಹೇಳಿದರು: "ಗಾಳಿ ತುಂಬಿದ್ ಚಕ್ರ, ಜಂಬ ತುಂಬಿದ್ ಮನ್ಷ, ಎರಡೂ ಕೆಸರಲ್ಲೇ ಹೂತ್ಕೊಳ್ಳೋದು. ಮೆತ್ತಗಿದ್ರೆ ಅಗಲ ಹೆಜ್ಜೆ ಇಡುತ್ತೆ, ನೆಲ ಹೊರುತ್ತೆ."

ಆ ಪಾಠ ನನಗೆ ಚೆನ್ನಾಗಿ ಅರ್ಥವಾಗಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಸೌಕರ್ಯ ನನಗಿಲ್ಲ ಎಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಲಕ್ಷ್ಮಿಗೆ ಅದು ಚೊಚ್ಚಲು. ಎರಡು ದಿನ ಮಳೆ ಹಿಡಿದು ಬಿಟ್ಟಿತ್ತು. ಮೂರನೆಯ ಬೆಳಿಗ್ಗೆ ನೋವು ಶುರುವಾಯಿತು. ನಮ್ಮವ್ವ ಒಳಗಿಂದ ಬಂದು, "ಮಗು ಅಡ್ಡ ನಿಂತಂಗದೆ ಕಣಪ್ಪಾ. ನಮ್ ಕೈಲಾಗಲ್ಲ, ನರ್ಸಮ್ಮನ್ನ ಕರ್ಕೊಂಬಾ" ಎಂದಳು. ಕಾಲುದಾರಿಯ ಕೆಸರು ನೆನೆದು ನಾನು ಏರಿ ಸುತ್ತಿಕೊಂಡೇ ಹೋದೆ. ನನ್ನ ಮುಖ ನೋಡಿದ್ದೇ ಸುಗುಣಮ್ಮನವರು ಒಳಗೆ ಓಡಿ, ಕತ್ತರಿ, ದಾರ ಎಲ್ಲ ಕುದಿಯುವ ನೀರಿಗೆ ಹಾಕಿದರು.

ನಾನು ಹೊರಗೆ ನಿಂತೆ. ಸುಮ್ಮನೆ ನಿಲ್ಲಲಾಗಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು. ಗೋಡೆಗೆ ಒರಗಿದ್ದ ಅವರ ಸೈಕಲ್ ಕಣ್ಣಿಗೆ ಬಿತ್ತು. ಚಕ್ರಗಳು ಎಂದಿನಂತೆ ಮೆತ್ತಗಿದ್ದವು. ಈ ಕೆಸರಿನಲ್ಲಿ ಹೋಗುವುದು ನಾಲ್ಕು ಮೈಲಿ ಗಾಡಿ ದಾರಿಯಲ್ಲೇ, ಗಟ್ಟಿ ಚಕ್ರವಾದರೆ ಬೇಗ ಓಡುತ್ತದೆ ಎಂದುಕೊಂಡು ನನ್ನ ಕೈಪಂಪು ಹಚ್ಚಿದೆ. ಉಸಿರು ಬಿಗಿಹಿಡಿದು ಹೊಡೆದೆ. ಎರಡೂ ಚಕ್ರ ಕಲ್ಲಾದವು.

ಅವರು ಚೀಲ ಬಿಗಿದವರೇ ಸೈಕಲ್ ಹತ್ತಿದರು. ಬಗ್ಗಲಿಲ್ಲ, ಹೆಬ್ಬೆರಳು ಇಡಲಿಲ್ಲ. ನಾನು ಕಂಡಂತೆ ಅದೇ ಮೊದಲ ಸಲ. ಏರಿಯ ಬುಡಕ್ಕೆ ಬಂದಾಗ ಗಾಡಿ ದಾರಿ ಬಿಟ್ಟು ಕೆರೆಯಂಗಳದ ಕಡೆಗೆ ಸೈಕಲ್ ತಿರುಗಿಸಿದರು. "ಹತ್ರದ ದಾರೀಲಿ ಹೋಗ್ತೀನಿ, ನೀವು ಹಿಂದೆ ಬನ್ನಿ" ಎಂದು ಕೂಗಿದರು.

ಆಗ ನಾನು ಕೂಗಬೇಕಿತ್ತು. ನಿಲ್ಲಿ, ಗಾಳಿ ಜಾಸ್ತಿ ಇದೆ, ಇಳಿಸಿ ಎನ್ನಬೇಕಿತ್ತು. ಎಷ್ಟು ಹೊತ್ತಿನ ಕೆಲಸ ಅದು? ಅರ್ಧ ನಿಮಿಷ. ಆ ಅರ್ಧ ನಿಮಿಷವೂ ಹಾಳಾಗುವುದು ಬೇಡ, ಅವರು ಬಲ್ಲವರು, ಹೇಗೋ ದಾಟುತ್ತಾರೆ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಲಕ್ಷ್ಮಿಯ ಕಿರುಚಾಟ ಕಿವಿಯಲ್ಲೇ ಇತ್ತು.

ಕರಕರ ಸದ್ದು ನಿಂತ ಜಾಗದಲ್ಲೇ ಅವರ ಚಕ್ರ ಹೂತಿತು. ಹಿಂದೆ ಇದ್ದ ನಾನು ಕಂಡೆ: ಸೈಕಲ್ ನಿಂತ ಹಾಗೇ ಪಕ್ಕಕ್ಕೆ ಬಿತ್ತು, ಚೀಲದ ಹಗ್ಗ ಕಿತ್ತು ಚೀಲ ನೀರಿಗೆ ಹೋಯಿತು. ಅವರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ತಡಕಾಡಿದರು. ನಾನೂ ಇಳಿದೆ. ಇಬ್ಬರೂ ಜೊಂಡಿನ ಬುಡದಲ್ಲಿ ಕೈಯಾಡಿಸಿ ಚೀಲ ಎಳೆದುಕೊಂಡೆವು, ಕತ್ತರಿ ಸಿಗಲಿಲ್ಲ, ಮತ್ತೆ ಹುಡುಕಿ ತೆಗೆದೆವು. ಸೈಕಲ್ ಅಲ್ಲೇ ಬಿಟ್ಟು, ಒಂದು ಹೆಜ್ಜೆ ಕಿತ್ತು ಇನ್ನೊಂದು ಹೆಜ್ಜೆ ಹೂಳುತ್ತಾ ನಡೆದೆವು. ದೇವರೇ, ದೇವರೇ ಎಂದು ನಾನು ಅಳುತ್ತಿದ್ದೆ.

ಮನೆ ತಲುಪಿ, ಮತ್ತೆ ನೀರು ಕಾಯಿಸಿ, ಮತ್ತೆ ಎಲ್ಲ ಕುದಿಸಿ ಒಳಗೆ ಹೋದರು. ಲಕ್ಷ್ಮಿಯನ್ನು ಉಳಿಸಿದರು. ಮಗು, ಹೆಣ್ಣು ಮಗು, ಉಸಿರಾಡಲಿಲ್ಲ.

"ಒಂದು ಗಳಿಗೆ ಮುಂಚೆ ಬಂದಿದ್ರೆ ಉಳೀತಿತ್ತಾ ತಾಯಿ?" ಎಂದು ನಮ್ಮವ್ವ ಕೇಳಿದಳು.

ಜಗಲಿಯಲ್ಲಿ ಊರಿನ ಜನ ತುಂಬಿದ್ದರು. ಸುಗುಣಮ್ಮನವರು ಕೈ ಒರೆಸಿಕೊಳ್ಳುತ್ತಾ, "ಉಳೀತಿತ್ತು. ತಪ್ಪು ನಂದೇ. ಹತ್ತೋಕ್ ಮುಂಚೆ ಚಕ್ರ ಮುಟ್ಟಿ ನೋಡ್ಲಿಲ್ಲ" ಎಂದರು. ಆ ಮಾತಿನ ಅರ್ಥ ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಆಯಿತು. ನಾನು ಕಂಬ ಹಿಡಿದು ನಿಂತಿದ್ದೆ.

ಮಾರನೆಯ ದಿನ ಇಬ್ಬರೂ ಹೋಗಿ ಸೈಕಲ್ ಎತ್ತಿದೆವು. ಅವರು ಚಕ್ರದ ಕೆಸರು ಒರೆಸಿ ಹೆಬ್ಬೆರಳು ಒತ್ತಿದರು. ಒಳಕ್ಕೆ ಹೋಗಲಿಲ್ಲ. ನನ್ನ ಸೈಕಲ್ಲಿಗೆ ಸಿಕ್ಕಿಸಿದ್ದ ಪಂಪನ್ನು ನೋಡಿದರು, ನನ್ನನ್ನು ನೋಡಿದರು, ವಾಲ್ವ್ ಸಡಿಲಿಸಿದರು. ಗಾಳಿ ಹೋಗುವವರೆಗೂ ಇಬ್ಬರೂ ಕೇಳುತ್ತಾ ನಿಂತೆವು.

"ಅಮ್ಮಾ, ನಾನು..."

"ಸುಮ್ನಿರಿ. ಈಗ್ಲೇ ಲಕ್ಷ್ಮಿಗೆ ಹೇಳ್ಬೇಡಿ. ಅವ್ಳ ಮೈಯಲ್ಲಿ ರಕ್ತ ಇಲ್ಲ, ತಡ್ಕೊಳ್ಳಲ್ಲ. ಚೇತರಿಸ್ಕೊಳ್ಲಿ, ಆಮೇಲೆ ಒಂದಿನ ನೀವೇ ಹೇಳಿ. ಅಲ್ಲೀವರ್ಗೂ ಬೈಗುಳ ನಂಗಿರ್ಲಿ."

ಬೈಗುಳವೇನೋ ಧಾರಾಳವಾಗಿ ಸಿಕ್ಕಿತು. ಗಂಡಸಿನಂತೆ ಸೈಕಲ್ ತುಳಿಯುವ ಹೆಂಗಸಿನ ಕೈಗುಣ ಸರಿಯಿಲ್ಲ ಎಂದು ಊರಿಗೆ ಊರೇ ಆಡಿಕೊಂಡಿತು. ಅವರ ಕೈಯಲ್ಲೇ ಹುಟ್ಟಿದ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡವರೂ ಆಡಿದರು. ಕೊನೆಗೆ ಪಟೇಲರು ಕಾಗದ ಹಿಡಿದು ನಮ್ಮ ಮನೆಗೇ ಬಂದರು. "ಮೇಷ್ಟ್ರೇ, ಆಯಮ್ಮನ್ನ ಇಲ್ಲಿಂದ ಎತ್ತಿಸ್ಬೇಕು ಅಂತ ಅರ್ಜಿ ಹಾಕ್ತಾ ಇದೀವಿ. ಹೋಗಿದ್ದು ನಿಮ್ ಮಗು. ನೀವೇ ಬರ್ಕೊಡಿ."

ವಾರದಿಂದ ಮಾತೇ ಆಡದಿದ್ದ ಲಕ್ಷ್ಮಿ ಬಾಗಿಲ ಮರೆಯಿಂದ, "ಬರೀರಿ" ಎಂದಳು.

ಬರೆದೆ. ತಿದ್ದುವುದಕ್ಕೆ ಒಂದು ಅಕ್ಷರವೂ ಇಲ್ಲದಂತೆ ಬರೆದೆ. ನಾಚಿಕೆಗೆಟ್ಟ ಕೈ, ನಡುಗಲೂ ಇಲ್ಲ.

ಎರಡು ತಿಂಗಳಲ್ಲಿ ಅವರಿಗೆ ಮಾಗಡಿ ಕಡೆಗೆ ವರ್ಗವಾಯಿತು. ಹೊರಡುವ ದಿನ ಬಸ್ಸಿನ ಹತ್ತಿರ ಹೋದೆ. ಅವರನ್ನು ಕಳಿಸಿಕೊಡಲು ಬೇರೆ ಯಾರೂ ಬಂದಿರಲಿಲ್ಲ. ಕಂಡಕ್ಟರು ಸೈಕಲ್ಲನ್ನು ಬಸ್ಸಿನ ಮೇಲಕ್ಕೆ ಎತ್ತುವ ಮೊದಲು ಅವರು ಅಭ್ಯಾಸದಂತೆ ಬಗ್ಗಿ ಎರಡೂ ಚಕ್ರ ಒತ್ತಿ ನೋಡಿದರು.

"ಲಕ್ಷ್ಮಿ ಹೇಗಿದಾಳೆ?"

"ಪರವಾಗಿಲ್ಲ. ಊಟ ಮಾಡ್ತಾಳೆ."

"ಹೇಳಿದ್ರಾ?"

"ಇಲ್ಲ."

ಅವರು ತಲೆಯಾಡಿಸಿದರು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, "ಮೇಲಿನವರು ಅರ್ಜಿ ತೋರ್ಸಿದ್ರು. ಅಕ್ಷರ ದುಂಡಗಿದೆ ಮೇಷ್ಟ್ರೇ. ಮಕ್ಕಳಿಗೂ ಹಾಗೇ ಕಲ್ಸಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಸ್ಸು ಹೋಯಿತು. ಮತ್ತೆ ಅವರನ್ನು ನಾನು ಕಾಣಲಿಲ್ಲ.

ಆಮೇಲೆ ನಮಗೆ ಇಬ್ಬರು ಗಂಡು ಮಕ್ಕಳಾದರು. ರಾಜಾಜಿನಗರಕ್ಕೆ ಬಂದೆವು, ಮನೆ ಕಟ್ಟಿಸಿದೆವು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನು ನಲವತ್ತು ವರ್ಷ ತಳ್ಳಿದೆ. ಲಕ್ಷ್ಮಿ ಕೊನೆಯ ಸಲ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ, ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಆ ನರ್ಸಮ್ಮ ಒಂಚೂರು ಬೇಗ ಬಂದಿದ್ರೆ ನಂಗೊಬ್ಳು ಮಗಳಿರ್ತಿದ್ಲು. ಹಾಳಾದವ್ಳು, ಅಲ್ವೇನ್ರೀ?"

ಪಕ್ಕದಲ್ಲಿ ಕೂತಿದ್ದ ನಾನು, "ಹೂಂ" ಎಂದೆ.