ಓದಿ ಹೇಳುವ ತೆಕ್ಲಾ

ನಮ್ಮ ಹರ್ನೋಸಾಂಡ್ ಊರಿನ ಬಯಸ್ಕೋಪಿನಲ್ಲಿ ಚಿತ್ರಗಳಿಗೆ ಬಾಯಿಲ್ಲ, ತೆಕ್ಲಾನೇ ಅವುಗಳ ಬಾಯಿ. ಭಾನುವಾರ ಮಧ್ಯಾಹ್ನ ಇಗರ್ಜಿಯ ಕರಿ ಶಾಲಿನಲ್ಲೇ ಬಂದು, ಕಣ್ಣು ಮಂಜಾದ ಮುದುಕಿಯರ ನಡುವೆ ಕೂತು, ಪರದೆಯ ಮೇಲೆ ಅಕ್ಷರ ಮೂಡಿದ್ದೇ ತಡ ಗಟ್ಟಿಯಾಗಿ ಓದುತ್ತಾಳೆ. ರಾಜನಿಗೆ ದಪ್ಪ ಗಂಟಲು, ಕಳ್ಳನಿಗೆ ಮೂಗಿನ ದನಿ. ಕುದುರೆ ಕಂಡರೆ ಬರೆದಿರದಿದ್ದರೂ ಕೆನೆಯುತ್ತಾಳೆ. "ಮೆಲ್ಲಗೆ ಕಣೇ, ಪರದೆ ಮೇಲಿನ ಹೆಣ ಎದ್ದು ಕೂತೀತು!" ಅಂತ ಪಕ್ಕದಲ್ಲಿ ಕೂತ ಮುದುಕಿ ಬ್ರಿಟಾ ಗದರಿದರೆ, "ಕೂರಲಿ ಬಿಡಿ, ಕಥೆ ಇನ್ನೂ ಅರ್ಧ ಇದೆ" ಅನ್ನುತ್ತಾಳೆ. ದೀಪದ ಬೆಳಕಿನ ಕೋಲಿನಲ್ಲಿ ಧೂಳು ಹಿಮದ ಹಾಗೆ ತೇಲುವಾಗ ಆ ದನಿ ಕೇಳುತ್ತಾ ನಮಗೆ ಅರೆನಿದ್ದೆ, ಅರೆಗನಸು. ಈ ವಾರ ಅಕ್ಕತಂಗಿಯರ ಚಿತ್ರ ಬಂದಿತ್ತು. ಅಕ್ಕ ದೇವರಂಥವಳು, ತಂಗಿ ನಾಟಕದವನ ಹಿಂದೆ ಓಡಿಹೋದವಳು. ತಂಗಿ ಹಿಮದಲ್ಲಿ ಮರಳಿ ಬಂದು ಬಾಗಿಲು ತಟ್ಟಿದಳು. ಅಕ್ಕನ ಮಾತನ್ನು ತೆಕ್ಲಾ ಓದಿದಳು: "ಒಳಗೆ ಬಾರೇ, ಕಾಫಿ ಬಿಸಿ ಇದೆ." "ಮತ್ತೆ ಆ ಹುಡುಗಿ ಯಾಕೆ ತಿರುಗಿ ಹೋಗ್ತಿದಾಳೆ?" ಅಂದಳು ಬ್ರಿಟಾ. "ಒಲೆಗೆ ಸೌದೆ ತರೋಕೆ." ನನ್ನ ಕಣ್ಣು ಇನ್ನೂ ಚುರುಕು, ನಿಧಾನಕ್ಕೆ ಓದಬಲ್ಲೆ, ಪರದೆಯ ಮೇಲಿದ್ದದ್ದು "ಇಲ್ಲಿ ನಿನಗೆ ಜಾಗವಿಲ್ಲ" ಅಂತ. ಹೋದ ಚಳಿಗಾಲ ತೆಕ್ಲಾ ಹೊಸಿಲಲ್ಲಿ ನಿಂತು ತನ್ನ ತಂಗಿ ಎಬ್ಬಾಗೆ ಅಂದದ್ದೂ ಅದನ್ನೇ. ಪಕ್ಕದ ಮನೆಯವಳು ನಾನು, ಕೇಳಿಸಿಕೊಂಡಿದ್ದೆ. ಚಿತ್ರ ಮುಗಿದು ಹೊರಗೆ ಬಂದಾಗ ತೆಕ್ಲಾ ನನ್ನ ತೋಳು ಹಿಡಿದಳು. "ಅಜ್ಜಿ, ಎಬ್ಬಾ ಸುಂಡ್ಸ್ವಾಲ್ ಪಟ್ಟಣದಲ್ಲಿ ಅಡುಗೆ ಕೆಲಸಕ್ಕಿದಾಳಂತೆ. ಕಾಗದ ಬರೆದ್ರೆ ಬರ್ತಾಳಾ?" "ಕಾಗದಕ್ಕೆ ಬರಲ್ಲ ಕಣೇ. ನೀನೇ ಹೋಗು."  ತೆಕ್ಲಾ ಶಾಲು ಬಿಗಿಮಾಡಿಕೊಂಡು, ಮನೆಯ ದಾರಿ ಬಿಟ್ಟು, ರೈಲು ನಿಲ್ದಾಣದ ಕಡೆ ತಿರುಗಿದಳು.