ಇಳೆಯತಂಬಿಯವರ ಒಂದು ಬಾಟಲಿ ಪೆಟ್ರೋಲು

ನಾನು ಮೋರಿಸ್ ಕಾರು ಕೊಂಡ ದಿನ ಅದನ್ನು ಮೊದಲು ತೋರಿಸಿದ್ದು ಮನೆಯಲ್ಲಿದ್ದ ನನ್ನ ಅಕ್ಕ ಮಂಗೈಗಲ್ಲ, ಬೇಲಿಯಾಚೆಯ ಇಳೆಯತಂಬಿಯವರಿಗೆ. ನಮ್ಮ ಊರು ಪನೈಯಡಿಯಲ್ಲಿ ಕಾರು ಕೊಂಡವರೆಲ್ಲ ಹಾಗೆಯೇ ಮಾಡುತ್ತಿದ್ದರು. ಎಲ್ಲ ಎಂದರೆ ಐದು ಮಂದಿ. ಅವರು ಕಾರನ್ನು ಒಂದು ಸುತ್ತು ಬಂದು, ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಮಾಸ್ಟರ್, ರೇಡಿಯೇಟರಿಗೆ ಯಾವ ನೀರು ಹಾಕ್ತೀರಿ?”

“ಬಾವೀದು. ನಾವು ಕುಡಿಯೋ ನೀರೇ.”

“ನೀವು ಕುಡೀರಿ, ಅದಕ್ಕೆ ಕುಡಿಸಬೇಡಿ. ನಮ್ಮ ನೀರಲ್ಲಿ ಸುಣ್ಣ ಜಾಸ್ತಿ. ನಿಮ್ಮನೆ ಕೆಟ್ಲಿಯೊಳಗೆ ಬಿಳೀ ಹಕ್ಕಳೆ ಕಟ್ಟಿರುತ್ತಲ್ಲ, ಇದರ ಹೊಟ್ಟೇಲೂ ಹಾಗೇ ಕಟ್ಟುತ್ತೆ. ಮಾರ್ಗಳಿ ತಿಂಗಳಲ್ಲಿ ಮಳೆ ಬಂದಾಗ ಎರಡು ಹಂಡೆ ಹಿಡಿದಿಡಿ. ವರ್ಷಕ್ಕಾಯ್ತು.”

ಅಂದಿನಿಂದ ನಮ್ಮ ಮನೆಯ ಸೂರಿನಡಿಯಲ್ಲಿ ಎರಡು ಹಂಡೆಗಳು ನಿಂತವು. ಪಾತ್ರೆ ತೊಳೆಯಲು ಅವುಗಳಿಂದ ಒಂದು ಚೊಂಬು ತೆಗೆದರೂ ಅಕ್ಕ ನನ್ನಿಂದ ಬೈಸಿಕೊಳ್ಳಬೇಕಾಗಿತ್ತು.

ಇಳೆಯತಂಬಿಯವರದು ಬಾಡಿಗೆ ಕಾರು, ಕಪ್ಪು ಆಸ್ಟಿನ್. ಮದುವೆಗೆ, ಹೆರಿಗೆಗೆ, ಸಾವಿನ ಮನೆಗೆ ಊರಿನವರೆಲ್ಲ ಅದರಲ್ಲೇ ಹೋಗಿಬಂದವರು. ಅವರು ಓದಿದ್ದು ಐದನೆಯ ತರಗತಿಯವರೆಗೆ. ಆದರೆ ನಾನು ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು, ಅವರಷ್ಟು ಕಡಿಮೆ ಮಾತಿನಲ್ಲಿ ಕಲಿಸಲು ನನಗೆ ಎಂದೂ ಆಗಲಿಲ್ಲ. ಟೈರನ್ನು ಬೆಳಿಗ್ಗೆ, ಬಿಸಿಲು ಬೀಳುವ ಮೊದಲು ಒತ್ತಿ ನೋಡಬೇಕು ಎನ್ನುತ್ತಿದ್ದರು. ಓಡಿಬಂದ ಟೈರು ಸುಳ್ಳು ಹೇಳುತ್ತದಂತೆ. ಕಾರು ಸವೆಯುವುದು ಓಡುವಾಗಲ್ಲ, ನಿದ್ದೆಯಿಂದ ಏಳುವಾಗ. ಆದ್ದರಿಂದ ಎದ್ದ ಮೊದಲ ನಿಮಿಷ ಅದನ್ನು ಗದರಿಸಬಾರದು. ನಿಂತ ಕಾರನ್ನೂ ವಾರಕ್ಕೊಮ್ಮೆ ಅರ್ಧ ಗಾಲಿಯಷ್ಟು ಮುಂದಕ್ಕೆ ತಳ್ಳಬೇಕು, ಇಲ್ಲದಿದ್ದರೆ ಟೈರು ಒಂದೇ ಮಗ್ಗುಲಲ್ಲಿ ಮಲಗಿ ಚಪ್ಪಟೆಯಾಗುತ್ತದೆ. ಇವನ್ನೆಲ್ಲ ಅವರು ಒಂದು ಸಲ ಹೇಳುತ್ತಿದ್ದರು. ಎರಡನೆಯ ಸಲ ಕೇಳಿದರೆ ನಕ್ಕು, “ಮಾಸ್ಟರ್ ಪಾಠ ಒಪ್ಪಿಸಲಿಲ್ಲ, ಬೆಂಚ್ ಮೇಲೆ ನಿಲ್ಲಲಿ” ಎನ್ನುತ್ತಿದ್ದರು.

ತೊಂಬತ್ತರಲ್ಲಿ, ಯುದ್ಧದಿಂದಾಗಿ, ಯಾಳ್ಪಾಣಕ್ಕೆ ಬರುವ ದಾರಿ ಮುಚ್ಚಿತು. ಪೆಟ್ರೋಲು ಬರುವುದು ನಿಂತಿತು. ನನ್ನ ಮೋರಿಸ್ಸನ್ನು ಇಟ್ಟಿಗೆಗಳ ಮೇಲೆ ಏರಿಸಿ, ಅದರ ಒಳ್ಳೆಯ ಪ್ಲಗ್ಗುಗಳನ್ನೂ ಬೆಲ್ಟನ್ನೂ ಅವರ ಆಸ್ಟಿನ್ನಿಗೆ ಕೊಟ್ಟೆ. ಊರಿನಲ್ಲಿ ಒಂದಾದರೂ ಓಡಲಿ ಎಂದು.

ಆಸ್ಟಿನ್ ಸೀಮೆಎಣ್ಣೆಯಲ್ಲಿ ಓಡುತ್ತಿತ್ತು. ಯಾಳ್ಪಾಣದಲ್ಲಿ ಆಗ ಎಲ್ಲ ಕಾರುಗಳೂ ಹಾಗೆಯೇ, ಬೀದಿಯ ತುಂಬ ಬಿಳಿಯ ಹೊಗೆ. ಆದರೆ ಸೀಮೆಎಣ್ಣೆ ಬಿಸಿಯಾದ ಇಂಜಿನನ್ನು ಓಡಿಸುತ್ತದೆಯೇ ಹೊರತು ತಣ್ಣಗಿರುವುದನ್ನು ಎಬ್ಬಿಸುವುದಿಲ್ಲ. ಎಬ್ಬಿಸಲು ಕಾರ್ಬ್ಯುರೇಟರಿಗೆ ಒಂದು ಚಮಚ ಪೆಟ್ರೋಲನ್ನಾದರೂ ಹನಿಸಬೇಕು. ಆ ಚಮಚದಷ್ಟೂ ಸಿಗದ ಕಾಲ ಬಂದಾಗ ಇಳೆಯತಂಬಿಯವರು ಇನ್ನೊಂದು ದಾರಿ ಕಂಡುಕೊಂಡರು. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಅಡುಗೆಮನೆಯ ಒಲೆಯಲ್ಲಿ ಕಾಯಿಸಿ, ಬಿಸಿ ಆರುವ ಮೊದಲೇ ಓಡಿಹೋಗಿ ತಿರುಗಿಸಿ ಕೂರಿಸಿ, ಮುಂದಿನಿಂದ ಹ್ಯಾಂಡಲ್ ಹೊಡೆಯುವುದು. ಆಗ ಅದು ಕೆಮ್ಮಿ ಕೆಮ್ಮಿ ಏಳುತ್ತಿತ್ತು.

ಕಾಯಿಸುವ ಕೆಲಸ ಅವರ ಹೆಂಡತಿ ದೇವಾನೈಯವರದು. ಒಲೆಯ ಹದ ಅವರಿಗಲ್ಲದೆ ಬೇರೆಯವರಿಗೆ ಸಿಗುತ್ತಿರಲಿಲ್ಲ. ಕೆಂಡದ ಮೇಲಿಟ್ಟರೆ ಪ್ಲಗ್ಗಿನ ಬಿಳಿಯ ಪಿಂಗಾಣಿ ಸೀಳುತ್ತದೆ, ಬೂದಿಯಲ್ಲಿಟ್ಟರೆ ಕಾಯುವುದಿಲ್ಲ. ಅವರು ಅವನ್ನು ಕೆಂಡದ ಬದಿಗೆ ಸಾಲಾಗಿ ನಿಲ್ಲಿಸಿ ಇಕ್ಕಳದಿಂದ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಬೆಳಗಿನ ತಿಂಡಿಗೆ ಅಕ್ಕಿಹಿಟ್ಟಿನ ಪಿಟ್ಟು ಹಬೆಯಲ್ಲಿ ಬೇಯುತ್ತಿರುತ್ತಿತ್ತು. ಕಾದ ಮೇಲೆ ತೆಂಗಿನ ಚಿಪ್ಪಿನ ಸೌಟಿನಲ್ಲಿ ಹಾಕಿ ಗಂಡನ ಕೈಗೆ ಕೊಡುತ್ತಿದ್ದರು.

“ಬೆಳಗಾದ್ರೆ ಮೊದಲು ಈ ನಾಲ್ಕಕ್ಕೆ ಉಪಚಾರ ಆಗಬೇಕು ಮಾಸ್ಟರ್. ಆಮೇಲೆ ಗಂಡನಿಗೆ ಪಿಟ್ಟು. ನಾನು ಕೊನೇಲಿ.”

“ನಿನಗೆ ಹೊಗೆ ಕುಡಿಯೋದೇ ಊಟವಾಯ್ತಲ್ಲ,” ಎಂದು ಇಳೆಯತಂಬಿಯವರು ನಗೆಯಾಡಲು ನೋಡಿದರು. ಆದರೆ ನಗಲಿಲ್ಲ.

ಏಕೆಂದರೆ ಅದೇ ನಿಜವಾಗಿತ್ತು. ದೇವಾನೈಯವರಿಗೆ ಉಬ್ಬಸ. ಬೇಸಿಗೆಯಲ್ಲಿ ಹೇಗೋ ಕಳೆಯುತ್ತಿತ್ತು. ಮಳೆಗಾಲದಲ್ಲಿ ಹಸಿ ತಾಳೆಗರಿಯನ್ನು ಊದಿ ಊದಿ, ಗೋಡೆಗೆ ಕೈ ಕೊಟ್ಟು ನಿಂತುಬಿಡುತ್ತಿದ್ದರು. ಎರಡು ಸಲ ಉಸಿರು ಕಟ್ಟಿ ತುಟಿ ನೀಲಿಯಾಗಿ, ಒಂಬತ್ತು ಮೈಲಿ ದೂರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಆಕ್ಸಿಜನ್ ಕೊಡಿಸಿ ತಂದದ್ದಾಗಿತ್ತು. ಆ ಎರಡು ಸಲವೂ ಪೆಟ್ರೋಲಿದ್ದ ಕಾಲ. ಮೂರನೆಯ ಸಲ ಬಂದರೆ ಒಲೆ ಹೊತ್ತಿಸುವವರು ಯಾರು?

ಆ ಮೂರನೆಯ ಸಲಕ್ಕೆಂದೇ ಇಳೆಯತಂಬಿಯವರ ಬಳಿ ಒಂದು ಬಾಟಲಿ ಪೆಟ್ರೋಲಿತ್ತು. ದಾರಿ ಮುಚ್ಚಿದ ವಾರ ಟ್ಯಾಂಕಿನಿಂದ ಇಳಿಸಿಕೊಂಡದ್ದು. ಸಾರಾಯಿಯ ಬಾಟಲಿಗೆ ತುಂಬಿ, ಬಿರಡೆ ಒತ್ತಿ, ಬಟ್ಟೆ ಸುತ್ತಿ, ಕಾರಿನ ಕೊಟ್ಟಿಗೆಯ ಮೂಲೆಯಲ್ಲಿ ಮರಳಿನ ಮಡಕೆಯಲ್ಲಿ ಹೂತಿಟ್ಟಿದ್ದರು. ಶುಕ್ರವಾರ ಬಂತೆಂದರೆ ಮಿಂದು ವಿಭೂತಿ ಧರಿಸಿ ಅದನ್ನು ಹೊರಗೆ ತೆಗೆಯುವರು. ಬಿರಡೆ ಬಿಚ್ಚಿ ಒಮ್ಮೆ ಮೂಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒತ್ತಿ ಮರಳಿನಲ್ಲಿಡುವರು. ಬೇಲಿಯಾಚೆಯಿಂದ ಅಕ್ಕ ಮಂಗೈ ಕೂಗುತ್ತಿದ್ದಳು:

“ಅಣ್ಣೈ, ಪೂಜೆ ಮುಗೀತಾ? ಮಂಗಳಾರತಿ ಮಾಡಿಬಿಡಬೇಡಿ, ಊರೇ ಹೋದೀತು!”

ಅವಳ ನಾಲಿಗೆ ಹಾಗೆ. ದಾರಿ ಮುಚ್ಚಿ ಏಳು ತಿಂಗಳಾದ ಮೇಲೆ ಅವಳು ಬಾವಿಯ ಕಟ್ಟೆಯ ಬಳಿ ಜಾರಿಬಿದ್ದಾಗ ಅದೇ ನಾಲಿಗೆ “ಅಯ್ಯೋ, ಸೊಂಟ” ಎಂದು ಕಿರುಚಿತು. ಮಧ್ಯಾಹ್ನದ ಊಟ ಮುಗಿದು ಎಲ್ಲರ ಮನೆಯ ಒಲೆಗಳೂ ಆರಿದ್ದ ಹೊತ್ತು. ನಾನು ಇಳೆಯತಂಬಿಯವರಲ್ಲಿಗೆ ಓಡಿದೆ.

“ಅಣ್ಣೈ, ಮಂಗೈ ಬಿದ್ದಿದ್ದಾಳೆ. ಮೂಳೆ ಮುರಿದಿದೆ. ಒಂದು ಚಮಚ ಪೆಟ್ರೋಲ್ ಹನಿಸಿ, ಹೊರಡೋಣ.”

ಅವರು ಒಂದು ಗಳಿಗೆ ಮರಳಿನ ಮಡಕೆಯ ಕಡೆ ನೋಡಿದರು. “ಕಾರು ನಿಮ್ಮದೇ ಮಾಸ್ಟರ್. ನಾನೂ ನಿಮ್ಮವನೇ. ಅದೊಂದನ್ನು ಕೇಳಬೇಡಿ. ಪ್ಲಗ್ ಕಾಯಿಸ್ತೀನಿ.”

“ಒಂದು ಚಮಚ!”

ದೇವಾನೈಯವರು ಬಾಗಿಲಿಗೆ ಬಂದರು. “ಇಲ್ಕೇಳಿ, ಕೊಟ್ಟುಬಿಡಿ. ನನಗೇನೂ ಆಗೋದಿಲ್ಲ.”

“ನೀನು ಸುಮ್ನಿರು. ಒಂದು ಚಮಚ ಕೊಟ್ಟವನು ನಾಳೆ ಇನ್ನೊಬ್ಬನಿಗೂ ಕೊಡ್ತಾನೆ.”

ದೇವಾನೈಯವರು ಒಲೆಯ ಮುಂದೆ ಕುಳಿತು ಊದತೊಡಗಿದರು. ಅವರ ಎದೆಯ ಸಿಳ್ಳು ನನಗೆ ಹೊರಗೆ ಕೇಳುತ್ತಿತ್ತು. ಅಕ್ಕ ನರಳುತ್ತ ಒಂದು ಗಂಟೆ ಕಾದಳು. ಆಮೇಲೆ ಕಾರು ಎದ್ದಿತು, ಆಸ್ಪತ್ರೆ ಮುಟ್ಟಿದೆವು. ಮೂಳೆ ಕೂಡಿತು, ಕುಂಟು ಉಳಿಯಿತು. ನಾನು ಇಳೆಯತಂಬಿಯವರೊಡನೆ ಮೂರು ತಿಂಗಳು ಮಾತು ಬಿಟ್ಟೆ. ಈಗ ಹೇಳಲು ನಾಚಿಕೆಯಾಗುತ್ತದೆ. ಅವರು ಮಾತ್ರ ಪ್ರತಿ ಶನಿವಾರ ನಮ್ಮ ಅಂಗಳಕ್ಕೆ ಬಂದು, ಇಟ್ಟಿಗೆಯ ಮೇಲಿದ್ದ ಮೋರಿಸ್ಸಿನ ಗಾಲಿಗಳನ್ನು ಕೈಯಿಂದ ಅರ್ಧ ಸುತ್ತು ತಿರುಗಿಸಿ ಹೋಗುತ್ತಿದ್ದರು. ಕೊನೆಗೆ ಅಕ್ಕನೇ ಬೈದಳು: “ಬಿದ್ದದ್ದು ನಾನು. ನಿನಗೇನು ಮುರಿದಿದೆ? ಹೋಗಿ ಮಾತಾಡಿಸು.”

ಆಸ್ಟಿನ್ ಸೊರಗುತ್ತ ಬಂತು. ಸೀಮೆಎಣ್ಣೆ ಉರಿಯದೆ ಒಳಗೆ ಸೋರಿ ಇಂಜಿನ್ನಿನ ಎಣ್ಣೆ ನೀರಾಗುತ್ತಿತ್ತು. ಬದಲಿಸಲು ಹೊಸ ಎಣ್ಣೆ ಇರಲಿಲ್ಲ. ವಾಲ್ವುಗಳು ಸುಟ್ಟಿದ್ದವು. ಅವರು ಕಡ್ಡಿಯನ್ನು ಮೂಸಿ, “ಎದೆ ಕಟ್ಟಿದೆ ಮಾಸ್ಟರ್, ಇದಕ್ಕೂ” ಎನ್ನುತ್ತಿದ್ದರು. ಬಾಡಿಗೆಗೆ ಹೋಗುವುದನ್ನು ಬಿಟ್ಟರು. ಹೆರಿಗೆಗೂ ಹಾವು ಕಚ್ಚಿದವರಿಗೂ ಮಾತ್ರ ಎಬ್ಬಿಸುತ್ತಿದ್ದರು. ಎಷ್ಟು ಸಲ ಎಬ್ಬಿಸಿದರೆ ಅಷ್ಟು ಆಯುಸ್ಸು ಕಡಿಮೆ ಎಂದು ಅವರಿಗೆ ಗೊತ್ತಿತ್ತು. ಬಾಟಲಿಯೊಂದೇ ಭದ್ರ ಎಂದು ನಂಬಿದ್ದರು. ಶುಕ್ರವಾರದ ಮೂಸುವಿಕೆ ಒಂದು ವಾರವೂ ತಪ್ಪಲಿಲ್ಲ.

ಮೂರನೆಯ ವರ್ಷದ ಮಾರ್ಗಳಿ. ನಾಲ್ಕು ದಿನದಿಂದ ಬಿಡದ ಮಳೆ. ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಇಳೆಯತಂಬಿಯವರ ಕೂಗು ಕೇಳಿ ಬೇಲಿ ದಾಟಿ ಹೋದೆ. ದೇವಾನೈಯವರು ಅಡುಗೆಮನೆಯ ಹೊಸ್ತಿಲ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದರು. ಒಲೆ ಇನ್ನೂ ಹತ್ತಿರಲಿಲ್ಲ. ಹೊಗೆ ಮಾತ್ರ. ತುಟಿ ನೀಲಿಯಾಗಿತ್ತು.

ಆಗ ಇಳೆಯತಂಬಿಯವರ ಮುಖದಲ್ಲಿ ಗಾಬರಿಯಿರಲಿಲ್ಲ. ಪರೀಕ್ಷೆಗೆ ಚೆನ್ನಾಗಿ ಓದಿ ಬಂದ ಹುಡುಗನ ಮುಖವಿರುತ್ತದಲ್ಲ, ಹಾಗಿತ್ತು. ಮರಳಿನಿಂದ ಬಾಟಲಿ ತೆಗೆದರು. ಅಷ್ಟರಲ್ಲಿ ಅಕ್ಕ ಬೇಲಿಯ ಬಳಿ ಕುಂಟಿಕೊಂಡು ಬಂದು ಕೂಗಿದಳು.

“ಅಣ್ಣೈ, ನನ್ನ ಒಲೆ ಚೆನ್ನಾಗಿ ಉರೀತಿದೆ! ಪ್ಲಗ್ ಬಿಚ್ಚಿಕೊಡಿ, ಈಗಲೇ ಕಾಯಿಸ್ತೀನಿ!”

“ಬೇಡ ಮಂಗೈ. ಪೆಟ್ರೋಲಿದೆ.”

ಒಂದು ಚಮಚ ಹನಿಸಿ ಹ್ಯಾಂಡಲ್ ಹೊಡೆದರು. ಸದ್ದಿಲ್ಲ. ಇನ್ನೊಂದು ಚಮಚ. ನಾನು ಹೊಡೆದೆ. ಇಂಜಿನ್ ಬರಿದೇ ತಿರುಗಿತು. ಮೂರನೆಯ ಸಲ ಅವರು ಬಾಟಲಿಯನ್ನೇ ಬಗ್ಗಿಸಿ ಸುರಿದರು. ನಾವಿಬ್ಬರೂ ಸರದಿಯ ಮೇಲೆ ಹೊಡೆದೆವು, ಅಂಗೈಯಲ್ಲಿ ಬೊಬ್ಬೆ ಏಳುವವರೆಗೆ. ಹಿಂದೆ ಹೊಸ್ತಿಲಿನಿಂದ ಬರುತ್ತಿದ್ದ ಸಿಳ್ಳು ಸಣ್ಣದಾಗುತ್ತಿತ್ತು. ಇಪ್ಪತ್ತು ನಿಮಿಷವಾಗಿರಬೇಕು. ಆಗ ಅವರು ಬಾಟಲಿಯನ್ನು ಮೂಗಿನ ಬಳಿ ತಂದರು. ಪ್ರತಿ ಶುಕ್ರವಾರ ಮೂಸುತ್ತಿದ್ದುದೇ. ಆದರೆ ಆ ದಿನ ಮೊದಲ ಸಲ ಮೂಸಿದವರಂತೆ ನಿಂತುಬಿಟ್ಟರು. ನಾನೂ ಮೂಸಿದೆ. ಪೆಟ್ರೋಲಿನ ಆ ಮೂಗು ಚುಚ್ಚುವ ವಾಸನೆಯಿಲ್ಲ. ಹಳೆಯ ವಾರ್ನಿಷ್ಷಿನಂತೆ ಮಂಕು ವಾಸನೆ. ಬಣ್ಣ ಚಹಾದ ಹಾಗೆ.

“ಪ್ಲಗ್ ಬಿಚ್ಚಿ,” ಎಂದರು.

ಬಿಚ್ಚಿದ ಪ್ಲಗ್ಗುಗಳು ಆ ಕೆಟ್ಟ ಪೆಟ್ರೋಲಿನಲ್ಲಿ ನೆಂದು ಹೋಗಿದ್ದವು. ಅವನ್ನು ಒರೆಸಿ, ಒಣಗಿಸಿ, ಆಮೇಲೆ ಅಕ್ಕ ತನ್ನ ಒಲೆಯಲ್ಲಿ ಕಾಯಿಸಬೇಕಾಯಿತು. ಅದರಲ್ಲಿ ಮತ್ತೆ ಅರ್ಧ ಗಂಟೆ. ಬಿಸಿ ಪ್ಲಗ್ಗು ಕೂರಿಸಿದ ಮೇಲೆ ಆಸ್ಟಿನ್ ಎರಡೇ ಹೊಡೆತಕ್ಕೆ ಎದ್ದಿತು. ಹಿಂದಿನ ಸೀಟಿನಲ್ಲಿ ದೇವಾನೈಯವರನ್ನು ನಾನು ಹಿಡಿದುಕೊಂಡಿದ್ದೆ. ಒಂಬತ್ತು ಮೈಲಿಯೂ ಆ ಕಾರು ಒಂದು ಕೆಮ್ಮೂ ಕೆಮ್ಮಲಿಲ್ಲ, ಹೊಸದರಂತೆ ಓಡಿತು. ಐದನೆಯ ಮೈಲಿಯ ಹತ್ತಿರ ನನ್ನ ತೋಳಿನ ಮೇಲಿದ್ದ ತಲೆ ಭಾರವಾಯಿತು. ನಾನು ಹೇಳಲಿಲ್ಲ. ಅವರೂ ತಿರುಗಿ ನೋಡಲಿಲ್ಲ. ಆಸ್ಪತ್ರೆಯ ಮುಂದೆ ಇಂಜಿನ್ ಆರಿಸದೆ, ಹಾಗೆಯೇ ಓಡಲು ಬಿಟ್ಟು, ಹೆಂಡತಿಯನ್ನು ಎತ್ತಿಕೊಂಡು ಒಳಗೆ ಹೋದರು. ಆರಿಸಿದರೆ ಮರಳಿ ಕರೆದುಕೊಂಡು ಹೋಗಲು ಎಬ್ಬಿಸುವುದು ಹೇಗೆ ಎಂಬ ಯೋಚನೆ ಆಗಲೂ ಅವರಿಗಿತ್ತು. ಸ್ವಲ್ಪ ಹೊತ್ತಿನಲ್ಲಿಯೇ ಎತ್ತಿಕೊಂಡೇ ಹೊರಗೆ ಬಂದರು.

ಅಂತ್ಯೇಷ್ಟಿಯಾದ ಮೇಲೆ ಎಂಟನೆಯ ದಿನ ಸಂಜೆ ಕೊಟ್ಟಿಗೆಯಲ್ಲಿ ಅವರ ಪಕ್ಕದಲ್ಲಿ ಕುಳಿತೆ. ಬಾಟಲಿಯ ತಳದಲ್ಲಿ ಇನ್ನೂ ನಾಲ್ಕು ಬೆರಳಿನಷ್ಟು ಉಳಿದಿತ್ತು.

“ಪೆಟ್ರೋಲಿನಲ್ಲಿ ಮೊದಲು ಹಾರಿಹೋಗೋದು ಹತ್ತಿಕೊಳ್ಳೋ ಅಂಶವೇ ಮಾಸ್ಟರ್. ಉಳಿಯೋದು ಗಸಿ. ಮುಚ್ಚಳ ತೆಗೆದಷ್ಟು ಸಲ ಹೋಗುತ್ತೆ. ಊರಿಗೆಲ್ಲ ಹೇಳಿದ್ದೆ. ನಿಮಗೂ ಹೇಳಿದ್ದೆ.”

“ಹೇಳಿದ್ದಿರಿ.”

“ನೂರು ಚಿಲ್ಲರೆ ಶುಕ್ರವಾರ. ಚೆನ್ನಾಗಿದೆಯಾ ಅಂತ ನೋಡಿ ನೋಡಿಯೇ ಕೆಡಿಸಿದೆ. ವಾರಕ್ಕಿಷ್ಟಿಷ್ಟೇ ವಾಸನೆ ಬದಲಾದರೆ ಮೂಗಿಗೆ ತಿಳಿಯುತ್ತಾ?”

ಅವರೇ ಮುಂದುವರಿಸಿದರು. “ಮಂಗೈ ಬಿದ್ದ ದಿನ ಹನಿಸಿದ್ದರೆ ಹತ್ತಿಕೊಳ್ಳುತ್ತಿತ್ತು. ಅವಳಿಗಾದರೂ ಒಂದು ಗಂಟೆ ನೋವು ತಪ್ಪುತ್ತಿತ್ತು. ಬಾಟಲಿಯೇ ಇಲ್ಲದಿದ್ದರೆ ಇವಳ ಹೊತ್ತಿಗೆ ನೇರ ಮಂಗೈಯ ಒಲೆಗೆ ಓಡ್ತಿದ್ದೆ. ಹೊತ್ತಿ ಉರೀತಿತ್ತಲ್ಲ ಮಾಸ್ಟರ್, ಆ ಒಲೆ. ಕೂಗಿ ಕರೆದಳಲ್ಲ.”

ಅವರು ಉಳಿದ ಪೆಟ್ರೋಲನ್ನು ತಟ್ಟೆಗೆ ಸುರಿದು, ಕಾರ್ಬ್ಯುರೇಟರನ್ನು ಬಿಚ್ಚಿ, ಅದರ ಭಾಗಗಳನ್ನು ಒಂದೊಂದಾಗಿ ಅದರಲ್ಲಿ ತೊಳೆದರು. ಗ್ರೀಸು ತೊಳೆಯಲು ಅದು ಸಾಕಾಗಿತ್ತು. ತೊಳೆದ ಭಾಗಗಳನ್ನು ಮರಳಿ ಜೋಡಿಸಲಿಲ್ಲ, ಬಟ್ಟೆಯಲ್ಲಿ ಕಟ್ಟಿ ನನಗೆ ಕೊಟ್ಟರು. “ದಾರಿ ತೆರೆದ ಮೇಲೆ ನಿಮ್ಮ ಮೋರಿಸ್ಸಿಗೆ ಯಾವುದಾದರೂ ಉಪಯೋಗಕ್ಕೆ ಬಂದೀತು.”

ಆಮೇಲೆಯೂ ಶನಿವಾರಗಳಂದು ನಮ್ಮ ಅಂಗಳಕ್ಕೆ ಬಂದು ಮೋರಿಸ್ಸಿನ ಗಾಲಿಗಳನ್ನು ಅರ್ಧ ಸುತ್ತು ತಿರುಗಿಸುತ್ತಿದ್ದರು. ಅಕ್ಕ ಒಣ ತಾಳೆಗೆಡ್ಡೆಯ ಒಡಿಯಲ್ ಗಂಜಿ ಕೊಟ್ಟರೆ ನಿಂತುಕೊಂಡೇ ಕುಡಿಯುತ್ತಿದ್ದರು. ಅವಳು ಅವರನ್ನು ಗೇಲಿ ಮಾಡುವುದನ್ನು ಬಿಟ್ಟಿದ್ದಳು. ಅದು ಅವರಿಗೆ ಇನ್ನೂ ಕಷ್ಟವಾಗಿತ್ತೆಂದು ನನಗೆ ತೋರುತ್ತಿತ್ತು. ಒಂದು ದಿನ ನಾನೇ ಕೇಳಿದೆ:

“ಅಣ್ಣೈ, ಆಸ್ಟಿನ್ನನ್ನೂ ಇಟ್ಟಿಗೆ ಮೇಲೆ ಏರಿಸೋಣವಾ? ಟೈರು ಹಾಳಾಗುತ್ತೆ.”

“ಇರಲಿ ಬಿಡಿ.”

ಎರಡು ಮಳೆಗಾಲ ಅದು ಕೊಟ್ಟಿಗೆಯಲ್ಲಿ ನಿಂತಲ್ಲೇ ನಿಂತಿತ್ತು. ನಾಲ್ಕು ಟೈರುಗಳೂ ಒಂದೇ ಮಗ್ಗುಲಲ್ಲಿ ಮಲಗಿ ಸೀಳಿದವು, ರಿಮ್ಮು ನೆಲಕ್ಕಿಳಿಯಿತು. ಅವರು ದಿನಾ ಅದರ ಪಕ್ಕದಲ್ಲೇ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಬಗ್ಗಿ ಒಂದು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.