ಹುಳು ಮನೆಯ ಕ್ಯಾಲೆಂಡರುಗಳು

ಕಳೆದ ಭಾನುವಾರ ಬೆಳಿಗ್ಗೆ ನಮ್ಮಕ್ಕನ ರೇಷ್ಮೆ ಹುಳು ಮನೆಗೆ ಸುಣ್ಣ ಹೊಡೆದರು. ಬಾಗಿಲ ಪಕ್ಕದ ಮೊಳೆಯಿಂದ ಏಳೆಂಟು ವರ್ಷದ ಕ್ಯಾಲೆಂಡರುಗಳು ಒಂದೇ ಕಟ್ಟಾಗಿ ಕೆಳಗಿಳಿದವು. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ನೇತುಹಾಕುವುದು ಆ ಮನೆಯ ಪದ್ಧತಿ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಬ್ಲೀಚಿಂಗ್ ಪುಡಿಯ ಘಾಟು ತಡೆಯಲಾರದೆ ಜಗಲಿಗೆ ಬಂದು ಕೂತಿದ್ದ ನಾನು ಧೂಳು ಒರೆಸುವ ನೆಪದಲ್ಲಿ ಒಂದೊಂದೇ ಹಾಳೆ ಮಗುಚತೊಡಗಿದೆ.

ಅಕ್ಕನ ಊರು ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಎರಡು ಎಕರೆ ಹಿಪ್ಪುನೇರಳೆ, ಮನೆಗೆ ಅಂಟಿಕೊಂಡ ಹುಳು ಮನೆ, ವರ್ಷಕ್ಕೆ ಏಳೆಂಟು ಬೆಳೆ. ಬೆಳೆಯ ಲೆಕ್ಕವೆಲ್ಲ ಅಕ್ಕನ ಅತ್ತೆ ಮುನಿಯಮ್ಮನವರದು. ಅವರಿಗೆ ಓದು ಬರಹ ಬಾರದು. ಆದರೆ ಕ್ಯಾಲೆಂಡರಿನ ಚೌಕಗಳಲ್ಲಿ ಅವರು ಹಾಕುವ ಗುರುತುಗಳನ್ನು ಯಾವ ವರದಿಗಾರನೂ ತಿದ್ದಲಾರ. ಹುಳು ಮೇವು ಬಿಟ್ಟು ಪೊರೆ ಕಳಚುವ ದಿನವನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ, ಅದಕ್ಕೊಂದು ಸೊನ್ನೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟ ದಿನಕ್ಕೊಂದು ಉದ್ದ ಗೀಟು. ಇವೆರಡರ ನಡುವೆ ನೀಲಿ ಪೆನ್ನಿನ ಇಂಟು ಗುರುತುಗಳೂ ಇವೆ. ಅವು ಹುಳುವಿನವಲ್ಲ, ಅಕ್ಕನವು.

ಮುಟ್ಟಾದ ಹೆಂಗಸು ಹುಳು ಮನೆಗೆ ಕಾಲಿಡಬಾರದು. ಒಗ್ಗರಣೆಯ ಘಾಟು ಹೋಗಬಾರದು, ಅಗರಬತ್ತಿ ಹಚ್ಚಬಾರದು ಎಂಬ ಪಟ್ಟಿಯಲ್ಲೇ ಅದೂ ಸೇರಿಕೊಂಡಿದೆ. ಸಾಮಾನ್ಯ ಮನೆಗಳಲ್ಲಿ ಇದು ತಿಂಗಳಿಗೆ ನಾಲ್ಕು ದಿನದ ಮಾತು. ಅಕ್ಕನಿಗೆ ಮಾತ್ರ ಎಂಟು ಆಯಿತು, ಒಂಬತ್ತಾಯಿತು, ಒಂದು ತಿಂಗಳು ಹನ್ನೊಂದಾಯಿತು. ನಾಲ್ಕನೇ ಜ್ವರ ಎದ್ದ ಹುಳು ಎಷ್ಟು ಸೊಪ್ಪು ಹಾಕಿದರೂ ಸಾಲದು ಎನ್ನುವ ವಾರದಲ್ಲಿ ಸೊಸೆ ಹೊರಗೆ ಕೂತರೆ ಯಾವ ಅತ್ತೆಗೆ ಸಹನೆ ಇರುತ್ತದೆ?

"ಸೊಪ್ಪು ಹಾಕೋ ಟೈಮಿಗೇ ಸರಿಯಾಗಿ ಹೊರಗಾಗ್ತಾಳೆ ನಿಮ್ಮಕ್ಕ. ನೋಡಮ್ಮ ಪೇಪರಮ್ಮ, ಇದನ್ನೂ ನಿಮ್ ಪೇಪರಲ್ಲಿ ಹಾಕು," ಎಂದು ಒಮ್ಮೆ ನನಗೇ ಹೇಳಿದ್ದರು. ಅವರು ಇಂಟು ಹಾಕತೊಡಗಿದ್ದು ಹೀಗೆ, ಸೊಸೆಯ ಕಳ್ಳಾಟಕ್ಕೆ ಸಾಕ್ಷಿ ಇರಲಿ ಎಂದು.

ಪೇಪರಮ್ಮ ಎಂದರೆ ನಾನೇ. ಚಿಕ್ಕಬಳ್ಳಾಪುರದಲ್ಲಿ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತೇನೆ, ವಾರಕ್ಕೊಂದು ದಿನ ಆರೋಗ್ಯದ ಪುಟ ತಿದ್ದುತ್ತೇನೆ. ಯಾರು, ಎಲ್ಲಿ, ಯಾವಾಗ ಎಂದು ಕೇಳದೆ ಒಂದು ಸಾಲನ್ನೂ ಬಿಡದವಳು ಎಂಬ ಹೆಸರು ಕಚೇರಿಯಲ್ಲಿದೆ. ಅಂಥವಳು ಗರ್ಭಕೋಶದ ನಾರುಗಡ್ಡೆಯ ಬಗ್ಗೆ ಅರ್ಧ ಪುಟದ ಲೇಖನ ತಿದ್ದಿ, ಶೀರ್ಷಿಕೆ ಕೊಟ್ಟು, ಎರಡು ಅಲ್ಪವಿರಾಮ ತೆಗೆದು ಅಚ್ಚಿಗೆ ಕಳಿಸಿದ್ದೆ. ಅದೇ ವಾರ ಅಕ್ಕನ ಮನೆಯಲ್ಲಿ ಮುದ್ದೆ ಉಂಡು, ಅವಳ ಬಿಳಿಚಿದ ಉಗುರುಗಳನ್ನು ನೋಡಿ, "ಯಾಕೇ ಇಷ್ಟು ಸೊರಗಿದೀಯ, ಬಿಸಿಲಿಗಾ?" ಎಂದು ಕೇಳಿ ಬಸ್ಸು ಹತ್ತಿದ್ದೆ.

ವಿಷಯ ಗೊತ್ತಾದದ್ದು ಅಕ್ಕನೇ ಫೋನ್ ಮಾಡಿದಾಗ. ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಮುರುಗಮಲ್ಲದ ದರ್ಗಾಕ್ಕೂ ಹೋಗಿ ಬಂದಿದ್ದರು. ಮೊದಲು ತೋರಿಸಿದ ಕಡೆ ಸ್ಕ್ಯಾನ್ ಮಾಡಿ, ಗರ್ಭಕೋಶದಲ್ಲಿ ಗಡ್ಡೆ ಇದೆ, ಗರ್ಭಕೋಶವನ್ನೇ ತೆಗೆಸಿಬಿಡಿ, ರಗಳೆ ಇರಲ್ಲ ಅಂದರಂತೆ.

"ತೆಗೆಸಿಬಿಟ್ರೆ ಇನ್ನು ಮಗು ಅನ್ನೋ ಮಾತೇ ಇಲ್ಲ ಅಲ್ವೇನೇ?" ಎಂದಳು. ಅಳುತ್ತಿರಲಿಲ್ಲ. ಹಾಲಿನ ಡೇರಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಕೇಳುವ ದನಿಯಲ್ಲೇ ಕೇಳಿದಳು.

"ತಡಿ, ಇನ್ನೊಬ್ರಿಗೆ ತೋರಿಸಣ," ಎಂದೆ.

ಹಾಗೆ ಚಿಕ್ಕಬಳ್ಳಾಪುರದ ಒಬ್ಬ ಹಿರಿಯ ವೈದ್ಯೆಯ ಬಳಿ ಹೋದೆವು. ಅಕ್ಕ, ಭಾವ, ನಾನು. ಕರೆಯದಿದ್ದರೂ ಮುನಿಯಮ್ಮ ಬಂದಿದ್ದರು, ಕಂಕುಳಲ್ಲೊಂದು ಸುರುಳಿ ಸುತ್ತಿದ ಕಾಗದ. ಜಮೀನಿನ ಪತ್ರವಿರಬೇಕು, ದಾರಿಯಲ್ಲಿ ಯಾವುದೋ ಕಚೇರಿಯ ಕೆಲಸವಿದ್ದೀತು ಎಂದುಕೊಂಡೆ. ನನ್ನ ಊಹೆಗಳ ಮಟ್ಟ ಅಷ್ಟು.

"ಎಷ್ಟು ದಿನ ಹೋಗುತ್ತಮ್ಮ?" ವೈದ್ಯೆ ಕೇಳಿದರು.

ಅಕ್ಕ ತಲೆ ತಗ್ಗಿಸಿ, "ಐದು ದಿನ ಮೇಡಂ," ಎಂದಳು.

ಮುನಿಯಮ್ಮ ಎದ್ದು ನಿಂತರು. "ಸುಳ್ಳು ಹೇಳ್ತಾಳೆ ಡಾಕ್ಟ್ರಮ್ಮ! ಐದಂತೆ ಐದು! ನೋಡಿ ಇಲ್ಲಿ!" ಎಂದು ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೂ ವೈದ್ಯೆಯ ಔಷಧಿ ಡಬ್ಬಿಗಳನ್ನೇ ಇಟ್ಟರು. ಹುಳು ಮನೆಯ ಎರಡು ವರ್ಷದ ಕ್ಯಾಲೆಂಡರುಗಳು.

ವೈದ್ಯೆ ಕನ್ನಡಕ ಹಾಕಿಕೊಂಡು ಒಂದೊಂದೇ ತಿಂಗಳು ನೋಡಿದರು. ಇಂಟುಗಳ ಮೇಲೆ ಬೆರಳಿಟ್ಟು ಎಣಿಸಿದರು.

"ಇದನ್ನು ಯಾರು ಬರೆದಿದ್ದು?"

"ನಾನೇ."

"ಎರಡು ವರ್ಷದಿಂದ ಒಂದು ದಿನಾನೂ ತಪ್ಪಿಸಿಲ್ವಲ್ಲಮ್ಮ! ಓದಿದೋರೂ ನನಗೆ ಹೀಗೆ ಬರ್ಕೊಂಡು ಬರಲ್ಲ. ಇಷ್ಟು ರಕ್ತ ಹೋದ್ರೆ ಇವಳು ಸೊಪ್ಪಿನ ಹೊರೆ ಹೆಂಗೆ ಎತ್ತಾಳೆ?"

ದೂರು ಕೊಡಲು ಬಂದ ಮುನಿಯಮ್ಮನಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಸೆರಗು ಸರಿಮಾಡಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ, "ಅಯ್ಯೋ ತಲ್ಲೀ," ಎಂದು, ತಾಯೀ ಎನ್ನುವುದನ್ನು ತೆಲುಗಿನಲ್ಲಿ, ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು.

ಮತ್ತೆ ಸ್ಕ್ಯಾನ್ ಆಯಿತು. ಗಡ್ಡೆಗಳು ಎರಡು. ವೈದ್ಯೆ ಹಾಳೆಯ ಮೇಲೆ ಒಂದು ಕೋಣೆಯ ಚಿತ್ರ ಬರೆದರು. "ಇವು ಕ್ಯಾನ್ಸರ್ ಥರ ಕಾಣ್ತಿಲ್ಲ, ಭಯ ಬೇಡ. ತುಂಬ ಹೆಂಗಸರಿಗೆ ಇರುತ್ತೆ, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಗಡ್ಡೆ ಎಷ್ಟು ದೊಡ್ಡದು ಅನ್ನೋದಷ್ಟೇ ಅಲ್ಲ, ಎಲ್ಲಿದೆ ಅನ್ನೋದು ಮುಖ್ಯ. ಇದು ಹೊರಗೋಡೆ ಮೇಲಿದೆ, ಚಿಕ್ಕದು. ಇದರ ಪಾಡಿಗೆ ಇರ್ಲಿ. ಇನ್ನೊಂದು ನೋಡಿ, ಕೋಣೆ ಒಳಕ್ಕೆ ಚಾಚಿದೆ. ರಕ್ತ ಜಾಸ್ತಿ ಹೋಗೋದು ಇದರಿಂದ. ಮಗು ನಿಲ್ಲೋಕೆ ಅಡ್ಡಿ ಆಗಿರೋದೂ ಇದೇ ಇರಬಹುದು."

ಮುನಿಯಮ್ಮ ಚಿತ್ರವನ್ನೇ ನೋಡುತ್ತಿದ್ದರು. "ಚಂದ್ರಿಕೆ ಮುರಿದು ಚಕ್ಕೆ ಎದ್ದಿದ್ರೆ ಆ ಜಾಗದಲ್ಲಿ ಹುಳ ಗೂಡು ಕಟ್ಟಲ್ಲ. ಹಂಗಾ?"

"ಹಂಗೇ ಅಂದ್ಕೊಳ್ಳಿ."

"ಅದಕ್ಕೆ ಚಂದ್ರಿಕೆನೇ ಸುಟ್ಟಾಕು ಅಂದಿದ್ರಾ ಆ ಮೊದಲ್ನೇ ಡಾಕ್ಟ್ರು?"

ವೈದ್ಯೆ ನಕ್ಕುಬಿಟ್ಟರು. ಅರ್ಧ ಪುಟದ ನನ್ನ ಲೇಖನದಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಒಂದೂ ಇರಲಿಲ್ಲ.

ಮೊದಲು ಅಕ್ಕನ ರಕ್ತ ಹೆಚ್ಚಬೇಕು, ಆಮೇಲೆ ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ಸಣ್ಣ ಕ್ಯಾಮೆರಾ ಕಳಿಸಿ ಒಳಗಿನ ಗಡ್ಡೆಯನ್ನಷ್ಟೇ ತೆಗೆಯಬಹುದು, ಗರ್ಭಕೋಶ ಉಳಿಯುತ್ತದೆ ಎಂದರು. "ಆಮೇಲೆ ಮಗು ಆಗೇ ಆಗುತ್ತೆ ಅಂತ ನಾನು ಬರ್ಕೊಡಲ್ಲ. ಅಡ್ಡಿ ತೆಗೀತೀವಿ, ಅಷ್ಟೇ. ಹಂಗೇ ಯಜಮಾನ್ರದ್ದೂ ಒಂದು ಪರೀಕ್ಷೆ ಆಗ್ಲಿ." ಅಲ್ಲಿಯವರೆಗೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ ಭಾವ ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ಓದಲು ಶುರುಮಾಡಿದರು.

"ಹೋಗೋ, ಮಾಡಿಸ್ಕೊ," ಎಂದರು ಮುನಿಯಮ್ಮ. ಭಾವ ಹೋದರು. ಅವರ ವರದಿ ಸರಿಯಾಗಿತ್ತು.

ಮೂರು ತಿಂಗಳು ಅಕ್ಕ ಕಬ್ಬಿಣಾಂಶದ ಮಾತ್ರೆ ನುಂಗಿದಳು. ಅತ್ತೆ ದಿನವೂ ನುಗ್ಗೆಸೊಪ್ಪು, ರಾಗಿ ತಿನ್ನಿಸಲು ನಿಂತರು. ಆ ಮನೆಯಲ್ಲಿ ಸೊಪ್ಪು ಹುಳಕ್ಕೆ ಮಾತ್ರ ಅಲ್ಲ ಎಂದು ಭಾವ ಗೊಣಗಿದರು. ಶಸ್ತ್ರಚಿಕಿತ್ಸೆ ಆಯಿತು. ಆ ದಿನದ ಚೌಕದಲ್ಲಿ ಮುನಿಯಮ್ಮ ಸೊನ್ನೆಯನ್ನೂ ಗೀಟನ್ನೂ ಹಾಕದೆ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಾರೆ. ಭಾನುವಾರ ಜಗಲಿಯಲ್ಲಿ ಅದು ಇನ್ನೂ ಬೆರಳಿಗೆ ಹತ್ತಿತು.

ಬೊಟ್ಟಿನ ನಂತರದ ಹಾಳೆಗಳಲ್ಲಿ ತಿಂಗಳಿಗೆ ನಾಲ್ಕು ಇಂಟು, ಕೆಲವೊಮ್ಮೆ ಐದು. ಹದಿನಾಲ್ಕು ಹಾಳೆ ಹೀಗೇ. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಮಗುವಿನ ಮಾತೆತ್ತುತ್ತಿರಲಿಲ್ಲ. ತಿಂಗಳ ಮೊದಲ ಇಂಟು ಬಿದ್ದ ದಿನ ಅಕ್ಕ ನನಗೆ ಫೋನ್ ಮಾಡಿ ಟೊಮೆಟೊ ರೇಟು ಮಾತ್ರ ಹೇಳಿ ಇಟ್ಟುಬಿಡುತ್ತಿದ್ದಳು. ಹದಿನೈದನೆಯ ಹಾಳೆಯಲ್ಲಿ ಇಂಟು ಇಲ್ಲ. ಅದರಾಚೆಗೂ ವರ್ಷದಷ್ಟು ಕಾಲ ಸೊನ್ನೆ, ಗೀಟುಗಳಷ್ಟೇ; ಆಮೇಲೆ ಇಂಟುಗಳು ಮತ್ತೆ ಬಂದಿವೆ. ಆ ಖಾಲಿ ಚೌಕಗಳಿಗೆ ಕಾರಣಳಾದವಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಭಾನುವಾರ ಸುಣ್ಣದ ಬಕೆಟ್ಟಿಗೆ ಕೈ ಹಾಕಿ ಅಜ್ಜಿಯಿಂದ ಬೈಸಿಕೊಂಡಳು.

ಎಲ್ಲಕ್ಕಿಂತ ಮೇಲಿದ್ದುದು ಈ ವರ್ಷದ ಕ್ಯಾಲೆಂಡರು. ಅದರಲ್ಲೂ ಇಂಟು ಒಂದೂ ಇರಲಿಲ್ಲ.

"ಎರಡನೇದಾ?" ಎಂದು ಅಕ್ಕನ ಮುಖ ನೋಡಿದೆ.

"ಥೂ, ಸುಮ್ನಿರೇ. ಅದೇನಿಲ್ಲ."

ಮುನಿಯಮ್ಮ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ನಾನೇ ಹಾಕೋದು ಬಿಟ್ಟೆ ಕಣಮ್ಮ ಪೇಪರಮ್ಮ. ಏನಂತ ಹಾಕ್ಲಿ? ಇವಳು ಯಾವಾಗ್ಲೂ ಒಳಗೇ ಇರ್ತಾಳಲ್ಲ."

"ಹುಳು, ಅತ್ತೆ?" ಎಂದೆ.

"ಹುಳಕ್ಕೇನಾಯ್ತು? ಮೇಯ್ತಾವೆ."

ಹೊರಗೋಡೆಯ ಗಡ್ಡೆ ಹೋದ ತಿಂಗಳ ಸ್ಕ್ಯಾನಿನಲ್ಲೂ ಇದ್ದಷ್ಟೇ ಇದೆ. ಇನ್ನೊಂದು ವರ್ಷ ಬಿಟ್ಟು ಬರಲು ವೈದ್ಯೆ ಹೇಳಿದ್ದಾರೆ. ಗುರುವಾರ ಹೊಸ ಬೆಳೆಗೆ ಮರಿಹುಳು ತಂದರು. ನಿನ್ನೆ ಅಕ್ಕ ಮುಟ್ಟಾದಳು. ಸಂಜೆಯ ಸೊಪ್ಪು ಹಾಕಿದ್ದು ಅವಳೇ.